ಆಕಾಶದ ಸರಪಳಿಯನ್ನು ನಾವೂ ಎಣಿಸಬೇಕು



ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಹೊಲ ಅಳೆಯಲು ಮೋಜಣಿದಾರರು ಬಂದಿದ್ದರು. ಕಬ್ಬಿಣದ ಸರಪಳಿಯ ಒಂದು ತುದಿ ಅವರ ಆಳಿನ ಕೈಯಲ್ಲಿ, ಇನ್ನೊಂದು ತುದಿ ನಮ್ಮಪ್ಪನ ಕೈಯಲ್ಲಿ. ಅಪ್ಪನಿಗೆ ರುಜು ಹಾಕಲು ಬರುತ್ತಿರಲಿಲ್ಲ, ಹೆಬ್ಬೆಟ್ಟು. ಆದರೆ ಸರಪಳಿಗೆ 33 ಅಡಿ, ಉದ್ದ ಒಂದು ಸರಪಳಿ ಅಗಲ ಒಂದು ಸರಪಳಿ ಇದ್ದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಅನ್ನೋ ಲೆಕ್ಕ ಅವರ ನಾಲಿಗೆಯ ಮೇಲಿತ್ತು. ಸರಪಳಿ ಜೋತುಬಿದ್ದರೆ ‘ಸ್ವಾಮಿ, ಬಿಗಿಯಾಗಿ ಎಳೀರಿ’ ಅಂತ ನಿಂತಲ್ಲೇ ಕೂಗುತ್ತಿದ್ದರು. ಅಳತೆಯ ಒಂದು ತುದಿ ರೈತನ ಕೈಯಲ್ಲಿತ್ತು.

ಈಗ ಆ ಸರಪಳಿ ಆಕಾಶಕ್ಕೆ ಹೋಗಿದೆ. ಉಪಗ್ರಹ ಫೋಟೋ ತೆಗೆಯುತ್ತದೆ, ಮೊಬೈಲು ಜಾಗ ಹೇಳುತ್ತದೆ, ಎಲ್ಲೋ ಕುಳಿತ ಗಣಕಯಂತ್ರ ನಮ್ಮ ಬೆಳೆ ಇದು, ಇಳುವರಿ ಇಷ್ಟು ಅಂತ ಬರೆಯುತ್ತದೆ. ನಮ್ಮ ಕೈಯಲ್ಲಿ ಯಾವ ತುದಿ ಇದೆ?

ನನಗಾದದ್ದನ್ನೇ ಹೇಳುತ್ತೇನೆ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ನಾನು ಎರಡು ಎಕರೆ ಖುಷ್ಕಿಯಲ್ಲಿ ರಾಗಿ ಹಾಕಿದ್ದೆ. ಸಾಲ ಎತ್ತುವಾಗಲೇ ವಿಮೆಯ ಕಂತು ಮುರಿದುಕೊಂಡಿದ್ದರು. ರಾಗಿ ಒಣಗಿತು. ವಿಮೆ ಕೇಳಲು ಹೋದರೆ ‘ನೀವು ಕಂತು ಕಟ್ಟಿರೋದು ರಾಗಿಗೆ, ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿನಲ್ಲಿ ಇರೋದು ನೀಲಗಿರಿ’ ಅಂದರು. ನೀಲಗಿರಿ ಇರೋದು ಪಕ್ಕದ ಹೊಲದಲ್ಲಿ! ಸಮೀಕ್ಷೆಗೆ ಬಂದ ಹುಡುಗ ಬಂಡಿದಾರಿಯಲ್ಲಿ ನಿಂತು ಫೋಟೋ ಹೊಡೆದು ಹೋಗಿದ್ದ. ಮೊಬೈಲಿನ ನಕ್ಷೆ ಒಂದಿಷ್ಟು ಜರುಗಿ ಕೂತಿತ್ತು. ಆಕ್ಷೇಪಣೆಯ ಅವಧಿ ಮುಗಿದಿತ್ತು. ನನ್ನ ಹತ್ತಿರ ಒಂದೇ ಒಂದು ಫೋಟೋ ಇರಲಿಲ್ಲ. ವಿಮೆ ಹೋಯಿತು, ಸಾಲದ ಬಡ್ಡಿ ಮಾತ್ರ ನಿಲ್ಲಲಿಲ್ಲ.

ಆ ಹುಡುಗನನ್ನು ಬೈದು ಫಲವಿಲ್ಲ. ಅವನಿಗೆ ಸಿಗೋದು ಒಂದೊಂದು ತುಂಡಿಗೆ ಇಷ್ಟು ಅಂತ ಪುಡಿಗಾಸು. ಆದರೆ ಈ ಯಂತ್ರಗಳ ಅಳತೆ ಎಷ್ಟು ಸಾಚಾ ಅನ್ನೋದನ್ನು ನಾವು ತಿಳಿಯಲೇಬೇಕು. ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ತಿಳಿದುಕೊಂಡದ್ದು ಇಷ್ಟು.

ಬಯಲಿನಲ್ಲಿ ನಿಂತರೂ ನಮ್ಮ ಮೊಬೈಲು ಹೇಳುವ ಜಾಗದಲ್ಲಿ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. ಮರದ ಕೆಳಗೆ ಇನ್ನೂ ಹೆಚ್ಚು. ಚೌಕಾಕಾರದ ಒಂದು ಎಕರೆಯ ಒಂದು ಮಗ್ಗುಲು ಸುಮಾರು 64 ಮೀಟರ್. ಅದರ ಒಂದು ಬದಿ 5 ಮೀಟರ್ ಜರುಗಿದರೆ ಮೂರು ಗುಂಟೆಗೂ ಮೇಲೆ ವ್ಯತ್ಯಾಸ ಬರುತ್ತದೆ. ಮೂರು ಗುಂಟೆಗೆ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ನಾವು ನೋಡಿಲ್ಲವೇ? ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ನೋಡಬಹುದು, ಒಳ್ಳೆಯದೇ. ಆದರೆ ಅದನ್ನು ತೋರಿಸಿ ಬದು ಕೀಳಲು ಹೋಗಬೇಡಿ. ಬದುವಿಗೆ ಟಿಪ್ಪಣಿ, ಕಲ್ಲು, ಭೂಮಾಪಕರ ಅಳತೆಯೇ ಆಧಾರ.

ಇನ್ನು ಉಪಗ್ರಹದ ಚಿತ್ರ. ಅದು ಸಣ್ಣ ಸಣ್ಣ ಚೌಕಗಳನ್ನು ಜೋಡಿಸಿದ ಹಾಸು. ಯುರೋಪಿನವರ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರಿಗೆ ಬೇಕಾದರೂ ಪುಕ್ಕಟೆ. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ನಮ್ಮ ಹೊಲದ ಮೇಲೆ ಬರುತ್ತವೆ. ಅದರ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ಲೆಕ್ಕ ಹಾಕಿ ನೋಡಿ, ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ! ಅಮೆರಿಕದ ಲ್ಯಾಂಡ್‌ಸ್ಯಾಟಿನ ಚೌಕ 30 ಮೀಟರ್, ಅಂದರೆ ಒಂಬತ್ತು ಗುಂಟೆ. ಒಂದು ಚೌಕಕ್ಕೆ ಒಂದೇ ಬಣ್ಣ. ಆ ಗುಂಟೆಯೊಳಗೆ ರಾಗಿ, ಅಕ್ಕಡಿ ಸಾಲಿನ ಅವರೆ, ತೊಗರಿ, ಬದುವಿನ ಹೊಂಗೆ ಎಲ್ಲ ಇದ್ದರೂ ಯಂತ್ರಕ್ಕೆ ಕಾಣೋದು ಕಲಸಿದ ಒಂದೇ ಬಣ್ಣ.

ಆ ಬಣ್ಣದಿಂದ ಬೆಳೆ ಹೇಗಿದೆ ಅಂತ ಹೇಳೋದು ಹೀಗೆ: ಆರೋಗ್ಯದ ಎಲೆ ಕೆಂಪು ಬೆಳಕನ್ನು ಕುಡಿದುಬಿಡುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸು ಚೆಲ್ಲುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಹಸಿರಿನ ಅಂಕಿ ಸಿಗುತ್ತದೆ. ಲೆಕ್ಕ ಸರಿ. ಆದರೆ ಹಸಿರು ಬೇರೆ, ಕಾಳು ಬೇರೆ. ತಡವಾಗಿ ಬಿದ್ದ ಮಳೆಗೆ ಪೈರು ಹಸಿರಾಗುತ್ತದೆ, ತೆನೆ ಉಜ್ಜಿದರೆ ಅಂಗೈಲಿ ಬರೀ ಹೊಟ್ಟು. ಕಳೆಯೂ ಹಸಿರೇ, ಲಂಟಾನವೂ ಹಸಿರೇ. ಮಳೆಗಾಲದ ಮೋಡ ಕವಿದರೆ ಈ ಚಿತ್ರವೇ ಇಲ್ಲ, ಮೋಡ ತೂರಿ ನೋಡಲು ರೇಡಾರಿನ ಉಪಗ್ರಹವೇ ಬೇಕು.

ಇದು ದೂರದ ಮಾತಲ್ಲ. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಬರ ಹೌದೋ ಅಲ್ಲವೋ ಅಂತ ತೀರ್ಮಾನಿಸುವ ಅಂಶಗಳಲ್ಲಿ ಈ ಹಸಿರಿನ ಅಂಕಿಯೂ ಒಂದು. ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ಭತ್ತಕ್ಕೆ, ಆಮೇಲೆ ಗೋಧಿಗೆ, ಇಳುವರಿ ಕಟ್ಟುವಾಗ ಉಪಗ್ರಹದ ಲೆಕ್ಕಕ್ಕೂ ಪಾಲು ಕೊಡಬೇಕು ಅಂತ ಮಾಡಿದರು. ಇಂದು ಭತ್ತ, ನಾಳೆ ನಮ್ಮ ರಾಗಿ, ಜೋಳ.

‘ಇದೆಲ್ಲ ರೈತನಿಗೆ ಟೋಪಿ ಹಾಕುವ ಯಂತ್ರ, ಹೊರಗೆಸೆಯಿರಿ’ ಅನ್ನುವ ಗೆಳೆಯರು ನಮ್ಮಲ್ಲಿದ್ದಾರೆ. ನಾನು ಒಪ್ಪೋದಿಲ್ಲ. ಹಿಂದೆ ಕಚೇರಿಯಲ್ಲೇ ಕುಳಿತು ಪಹಣಿಗೆ ಬೆಳೆ ತುಂಬಿದ ಕಾಲ ನಮಗೆ ಮರೆತಿದೆಯೇ? ಉಪಗ್ರಹ ಕಾಫಿ ತಿಂಡಿ ಕೇಳೋದಿಲ್ಲ. ಇಂಥ ತಾರೀಖು ಈ ಹೊಲ ಒಣಗಿತ್ತು ಅಂತ ಅದು ಹೇಳಿದರೆ ಯಾವ ಸಾಹೇಬನೂ ಅಳಿಸಲಾರ. ಹಳೇ ಚಿತ್ರಗಳನ್ನು ಗೂಗಲ್ ಅರ್ಥ್‌ನಲ್ಲಿ ವರ್ಷವಾರು ತೆಗೆದು ನೋಡಬಹುದು. ಮುಚ್ಚಿಹೋದ ಬಂಡಿದಾರಿ, ಒತ್ತುವರಿಯಾದ ಕೆರೆಯಂಗಳ ಎಲ್ಲ ಅದರಲ್ಲಿ ಸಾಕ್ಷಿ ಹೇಳುತ್ತವೆ. ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶಕ್ಕೆ ಒಂದು ಕಾಸೂ ಕೊಡಬೇಕಾಗಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ನಿಯಮ ಸಡಿಲಿಸಿದೆ, ಭಾರತೀಯರು ನಕ್ಷೆ ಮಾಡಲು ಮೊದಲಿನಂತೆ ಅಪ್ಪಣೆಗೆ ಕಾಯಬೇಕಾಗಿಲ್ಲ. ಡಿಗ್ರಿ ಮಾಡಿ ಊರಲ್ಲಿರುವ ನಮ್ಮ ಹುಡುಗ ಹುಡುಗಿಯರೇ ಇದನ್ನು ಕಲಿತು ಊರಿಗೆ ದುಡಿಯಬಹುದು.

ಆದ್ದರಿಂದ ಮೊದಲು ನಮ್ಮ ಕೆಲಸ. 2020ರಿಂದ ರೈತರೇ ತಮ್ಮ ಬೆಳೆಯನ್ನು ಆ್ಯಪಿನಲ್ಲಿ ದಾಖಲಿಸಲು ಅವಕಾಶ ಬಂದಿದೆ, ಬಿಡಬೇಡಿ. ಬೇರೆಯವರು ದಾಖಲಿಸಿದ್ದರೆ ಬೆಳೆ ದರ್ಶಕ್ ತೆಗೆದು ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಿ. ಬಿತ್ತಿದಾಗ, ತೆನೆ ಒಡೆದಾಗ, ಕೊಯ್ಲಿಗೆ ಮುಂಚೆ ಹೊಲದ ನಡುವೆ ನಿಂತು ತಾರೀಖು, ಜಾಗ ಬೀಳುವ ಹಾಗೆ ಒಂದೊಂದು ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ಹತ್ತಿರ ಇದ್ದಿದ್ದರೆ ಕೇಳುವುದಕ್ಕಾದರೂ ಬಾಯಿ ಇರುತ್ತಿತ್ತು.

ಆಮೇಲೆ ಸರ್ಕಾರದ ಕೆಲಸ. ನಮ್ಮ ಬೆಳೆ, ಬರ, ವಿಮೆ ತೀರ್ಮಾನಿಸಲು ಯಾವ ತಾರೀಖಿನ ಚಿತ್ರ, ಎಷ್ಟು ಮೀಟರಿನ ಚೌಕ, ಯಾವ ಲೆಕ್ಕ ಬಳಸಿದರು ಅನ್ನೋದನ್ನು ಪಂಚಾಯ್ತಿ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಬೇಕು. ಆಕ್ಷೇಪಣೆಯ ಅವಧಿಯನ್ನು ಡಂಗುರ ಹೊಡೆಸಿ ತಿಳಿಸಬೇಕು. ಬೆಳೆ ಕಟಾವು ಪ್ರಯೋಗವನ್ನು ಯಂತ್ರದ ನೆಪದಲ್ಲಿ ಕೈಬಿಡಬಾರದು, ಅದು ರೈತರ ಕಣ್ಣೆದುರೇ ನಡೆಯಬೇಕು. ಯಂತ್ರದ ಮಾತಿಗೂ ಹೊಲದ ಮಾತಿಗೂ ಜಗಳ ಬಂದರೆ ಅಧಿಕಾರಿ ಹೊಲಕ್ಕೆ ಬಂದು ತೆನೆ ಉಜ್ಜಿ ನೋಡಬೇಕು. ಕಂತು ಕಟ್ಟಿದವರು ನಾವು, ಕೇಳುವ ಹಕ್ಕು ನಮಗಿದೆ.

ನಮ್ಮಪ್ಪ ಓದಿದವರಲ್ಲ, ಆದರೂ ಸರಪಳಿಯ ತುದಿ ಬಿಡಲಿಲ್ಲ. ಓದಿದ ನಾವು ಬಿಟ್ಟುಕೊಟ್ಟು ಕೂತರೆ ಮಕ್ಕಳಿಗೆ ಏನು ಹೇಳೋಣ? ಬರುವ ಅಮಾವಾಸ್ಯೆ ದಿನ ಆರಂಬಕ್ಕೆ ಹೇಗೂ ಬಿಡುವು. ಊರಿನ ಅರಳಿಕಟ್ಟೆಯಲ್ಲಿ ಸೇರಿ, ಒಬ್ಬ ಓದಿದ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು, ಪ್ರತಿಯೊಬ್ಬರ ಸರ್ವೆ ನಂಬರಿನ ಎದುರು ಯಾವ ಬೆಳೆ ಬರೆದಿದೆ ಅಂತ ಒಂದೊಂದಾಗಿ ಓದಿಸಿ. ಅವತ್ತೇ ತಪ್ಪುಗಳ ಪಟ್ಟಿ ಮಾಡಿ, ಮಾರನೇ ದಿನ ಎಲ್ಲರೂ ಒಟ್ಟಿಗೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗೋಣ.