ಟಿ.ವಿ. ಕೊಳ್ಳುವ ಮುನ್ನ ಒಂದು ಲೆಕ್ಕ



ಬೋನಸ್ ತಿಂಗಳು ಬಂತೆಂದರೆ ನಮ್ಮ ಜೂಜುವಾಡಿಯ ವಠಾರಗಳಲ್ಲಿ ಒಂದೇ ಮಾತು: "ಈ ಸಲವಾದರೂ ಟಿ.ವಿ. ಬದಲಾಯಿಸೋಣ." ಆಯುಧಪೂಜೆಯಿಂದ ಕ್ರಿಸ್‌ಮಸ್‌ವರೆಗೂ ಹೊಸೂರಿನ ಅಂಗಡಿಗಳು ದೀಪ ಹಚ್ಚಿಕೊಂಡು ನಮ್ಮನ್ನೇ ಕಾಯುತ್ತಿರುತ್ತವೆ. ಇದನ್ನು ಸಣ್ಣ ವಿಷಯವೆಂದು ನಾವು ತಿಳಿಯುವುದಿಲ್ಲ. ಎಸ್ಟೇಟಿನಲ್ಲಿ ದುಡಿಯುವ ಮನೆಗೆ ವರ್ಷಕ್ಕೊಮ್ಮೆ ಒಟ್ಟಾಗಿ ಬರುವ ಹಣ ಅದೊಂದೇ. ಅದು ಯಾವ ಕಡೆ ಹೋಗುತ್ತದೆ ಎಂಬುದರ ಮೇಲೆ ಜೂನ್ ತಿಂಗಳ ಶಾಲೆಯ ಫೀಸು, ಊರಿನ ಹಳೇ ಸಾಲ, ಮನೆಯ ಅಡ್ವಾನ್ಸು ಎಲ್ಲವೂ ನಿಂತಿವೆ.

ಕೂಲಿಕಾರನಿಗೆ ಟಿ.ವಿ. ಏಕೆ ಎಂದು ಕೇಳುವವರ ಜೊತೆಗೆ ನಾವಿಲ್ಲ. ದಿನವೆಲ್ಲ ಯಂತ್ರದ ಮುಂದೆ ನಿಂತು ಬಂದವರಿಗೆ ರಾತ್ರಿ ಒಂದು ಗಂಟೆ ಮಕ್ಕಳ ಜೊತೆ ಕೂತು ಏನಾದರೂ ನೋಡುವ ಹಕ್ಕಿದೆ. 2006ರಲ್ಲಿ ತಮಿಳುನಾಡು ಸರ್ಕಾರ 14 ಅಂಗುಲದ ಬಣ್ಣದ ಟಿ.ವಿ.ಯನ್ನು ಉಚಿತವಾಗಿ ಹಂಚತೊಡಗಿದಾಗ ಅದನ್ನು ಲೇವಡಿ ಮಾಡಿದವರು ಬಹಳ ಮಂದಿ. ಆದರೆ ಪಡೆದ ಮನೆಗಳಲ್ಲಿ ಎಷ್ಟೋ ಹೆಂಗಸರು ಅಲ್ಲಿಯವರೆಗೆ ಪಕ್ಕದ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು. 2011ರಲ್ಲಿ ಆ ಯೋಜನೆ ನಿಂತಿತು. ಆ ಗಾಜಿನ ಬುರುಡೆಯ ಪೆಟ್ಟಿಗೆಗಳ ಕಾಲವೂ ಮುಗಿಯಿತು. ಈಗ ಅಂಗಡಿಯಲ್ಲಿ ಇರುವುದೆಲ್ಲ ಚಪ್ಪಟೆ ಪರದೆಯವೇ. ಆದುದರಿಂದ ಕೊಳ್ಳಬೇಕೋ ಬೇಡವೋ ಎಂಬುದು ನಮ್ಮ ಪ್ರಶ್ನೆಯಲ್ಲ. ಯಾವುದನ್ನು, ಯಾವ ಹಣದಿಂದ ಎಂಬುದೇ ಪ್ರಶ್ನೆ.

ಈಚೆಗೆ ಒಂದು ಹೊಸ ಮಾತು ಸೇರಿಕೊಂಡಿದೆ. 2019ರ ಜನವರಿ 1ರಿಂದ 32 ಅಂಗುಲದವರೆಗಿನ ಟಿ.ವಿ.ಗೆ ಜಿ.ಎಸ್.ಟಿ. ಶೇಕಡಾ 18, ಅದಕ್ಕಿಂತ ದೊಡ್ಡದಕ್ಕೆ ಶೇಕಡಾ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ 18ಕ್ಕೇ ಇಳಿಯಿತು. ತೆರಿಗೆ ಸೇರುವ ಮುನ್ನ 20,000 ರೂಪಾಯಿ ಇರುವ ಒಂದು 43 ಅಂಗುಲದ ಟಿ.ವಿ.ಗೆ ಮೊದಲು 25,600 ಕೊಡಬೇಕಿತ್ತು, ಈಗ 23,600. ಎರಡು ಸಾವಿರ ಉಳಿತಾಯ, ಸುಳ್ಳಲ್ಲ. ಆದರೆ ಅಂಗಡಿಯ ಹುಡುಗ ಅದನ್ನು ಹೇಗೆ ಹೇಳುತ್ತಾನೆ? "ಅಣ್ಣಾ, ಟ್ಯಾಕ್ಸ್ ಇಳಿದಿದೆ, ಇನ್ನೊಂಚೂರು ಹಾಕಿದರೆ ದೊಡ್ಡದೇ ಬರುತ್ತೆ." ಹನ್ನೆರಡು ಸಾವಿರ ಖರ್ಚು ಮಾಡಲು ಹೋದವನು ಎರಡು ಸಾವಿರ ಉಳಿಸುವ ಆಸೆಗೆ ಇನ್ನೂ ಹನ್ನೊಂದು ಸಾವಿರ ಸೇರಿಸಿ ಬರುತ್ತಾನೆ. ಇದು ಉಳಿತಾಯವೇ?

ನಮ್ಮ ಅಭಿಪ್ರಾಯ ಇಷ್ಟು: ಮೊದಲು ಹಣ ಗೊತ್ತುಮಾಡಿಕೊಳ್ಳಬೇಕು, ಆಮೇಲೆ ಮನೆಯ ಜಾಗ ಅಳೆಯಬೇಕು, ಕಡೆಗೆ ಟಿ.ವಿ. ನೋಡಬೇಕು. ಅಂಗಡಿ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಮೊದಲು ಹೊಳೆಯುವ ಪರದೆ ತೋರಿಸುತ್ತದೆ, ಆಮೇಲೆ ನಮ್ಮ ಗೋಡೆಯನ್ನು ದೊಡ್ಡದೆಂದು ನಂಬಿಸುತ್ತದೆ, ಕಡೆಗೆ ಹಣವಿಲ್ಲವೆಂದರೆ ಸಾಲದ ಕಾಗದ ಮುಂದಿಡುತ್ತದೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಎಣಿಸಬೇಕೆಂಬುದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಉಪಮೆ. ಗೋಪುರಕ್ಕೆ ಸಲ್ಲುವ ಮಾತು ಟಿ.ವಿ.ಗೂ ಸಲ್ಲುತ್ತದೆ.

ನಮಗೆ ಗೊತ್ತಿರುವ ಒಂದು ಮನೆಯ ಕಥೆ ಕೇಳಿ. ಗಂಡ ಕಾಂಟ್ರಾಕ್ಟಿನಲ್ಲಿ ಕೆಲಸಕ್ಕೆ, ಹೆಂಡತಿ ಪ್ಯಾಕಿಂಗಿಗೆ. ಹತ್ತಡಿಯ ಒಂದೇ ಕೋಣೆ. ಕಂತಿನ ಮೇಲೆ 50 ಅಂಗುಲದ ಟಿ.ವಿ. ತಂದರು. ಮೊದಲ ನಾಲ್ಕು ಕಂತು ಓವರ್‌ಟೈಮಿನಿಂದ ಕಟ್ಟಿದರು. ಐದನೆಯ ತಿಂಗಳು ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ನಿಂತಿತು. ಬ್ಯಾಂಕಿನಲ್ಲಿ ಹಣವಿಲ್ಲದೆ ಕಂತು ವಾಪಸಾಯಿತು. ಅದಕ್ಕೆ ಬ್ಯಾಂಕು ಒಂದು ದಂಡ ಹಾಕಿತು, ಸಾಲ ಕೊಟ್ಟವರು ಇನ್ನೊಂದು. ದೂರವಾಣಿಯಲ್ಲಿ ದಿನಕ್ಕೆ ನಾಲ್ಕು ಬಾರಿ ಕೇಳಿದರು. ಮಗಳ ಫೀಸಿಗೆ ಇಟ್ಟಿದ್ದ ಹಣ ಅತ್ತ ಹೋಯಿತು. ಆ ಮನೆಯ ಅಕ್ಕ ನಮಗೆ ಹೇಳಿದ್ದು: "ಟಿ.ವಿ. ಚೆನ್ನಾಗಿದೆ ಅಣ್ಣಾ. ಅದನ್ನು ಹಾಕಿದಾಗಲೆಲ್ಲ ಕಂತೇ ಕಾಣುತ್ತೆ." ಕಂತು ತಪ್ಪಿದ ದಾಖಲೆ ಅವರ ಹೆಸರಿನಲ್ಲಿ ಉಳಿಯುತ್ತದೆ; ನಾಳೆ ಕಾಯಿಲೆಗೋ ಮನೆಗೋ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ.

"ಬಡ್ಡಿಯಿಲ್ಲದ ಕಂತು" ಎಂಬ ಮಾತಿಗೆ ಬಹಳ ಜನ ಮರುಳಾಗುತ್ತಾರೆ. 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿ, ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ತಿಳಿಸಿತ್ತು. ಬಡ್ಡಿ ಎಲ್ಲೋ ಅಡಗಿಯೇ ಇರುತ್ತದೆ. ರೊಕ್ಕ ಎಣಿಸಿ ಕೊಡುವವನಿಗೆ ಸಿಗುವ ರಿಯಾಯಿತಿ ಕಂತಿನವನಿಗೆ ಸಿಗುವುದಿಲ್ಲ. ಅದರ ಮೇಲೆ ಕಾಗದಪತ್ರದ ಖರ್ಚು, ಆ ಖರ್ಚಿನ ಮೇಲೆ ತೆರಿಗೆ. ಆದುದರಿಂದ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ: ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು? ಕಂತಿನಲ್ಲಿ ಎಲ್ಲ ಸೇರಿ ಒಟ್ಟು ಎಷ್ಟು? ಎರಡನ್ನೂ ಒಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ನಡುವಿನ ಅಂತರಕ್ಕೆ ಅವರು ಯಾವ ಹೆಸರನ್ನಾದರೂ ಕೊಡಲಿ, ಅದೇ ಬಡ್ಡಿ.

ಇನ್ನು ಜಾಗದ ಮಾತು. ಟಿ.ವಿ.ಯ ಅಂಗುಲವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯುತ್ತಾರೆ. 32 ಅಂಗುಲದ ಪರದೆಯ ಅಗಲ ಸುಮಾರು 28 ಅಂಗುಲ. 43ರದ್ದು ಸುಮಾರು 37. ಪೆಟ್ಟಿಗೆಯ ಮೇಲೆ 80 ಸೆಂಟಿಮೀಟರ್ ಎಂದಿದ್ದರೆ ಅದು 32 ಅಂಗುಲ, 108 ಎಂದಿದ್ದರೆ 43. ನೋಡುವವರು ಪರದೆಯ ಓರೆ ಅಳತೆಯ ಒಂದೂವರೆಯಿಂದ ಎರಡೂವರೆ ಪಟ್ಟು ದೂರದಲ್ಲಿ ಕೂತರೆ ಕಣ್ಣಿಗೆ ಹಿತ. ಹಾಗೆ ನೋಡಿದರೆ 32 ಅಂಗುಲಕ್ಕೆ ನಾಲ್ಕರಿಂದ ಆರೂವರೆ ಅಡಿ, 43ಕ್ಕೆ ಐದೂವರೆಯಿಂದ ಒಂಬತ್ತು ಅಡಿ. ನಮ್ಮ ಲೈನ್ ಮನೆಗಳಲ್ಲಿ ಬೀರು, ಮಂಚ, ನೀರಿನ ಬಿಂದಿಗೆ ಕಳೆದು ಉಳಿಯುವುದು ಐದಾರು ಅಡಿ. ಅಷ್ಟಕ್ಕೆ 32 ಅಂಗುಲ ಧಾರಾಳವಾಗಿ ಸಾಕು. ಕೋಣೆ ಉದ್ದವಾಗಿದ್ದರೆ, ಆರೇಳು ಜನ ಕೂತು ನೋಡುವ ಮನೆಯಾದರೆ, ಕಣ್ಣು ಮಂಜಾದ ಅಜ್ಜಿ ಇದ್ದರೆ, 43 ತಪ್ಪೇನಲ್ಲ. ಹಣ ಕೈಯಲ್ಲಿರಬೇಕು, ಅಷ್ಟೇ. ಹೊರಡುವ ಮುನ್ನ ಒಂದು ದಾರದಿಂದ ಮನೆಯನ್ನು ಅಳೆದು, ಗಂಟು ಹಾಕಿ ಜೇಬಿನಲ್ಲಿಟ್ಟುಕೊಳ್ಳಿ. ಅಂಗಡಿಯ ದೊಡ್ಡ ಹಾಲಿನಲ್ಲಿ ಎಲ್ಲ ಟಿ.ವಿ.ಯೂ ಚಿಕ್ಕದಾಗಿಯೇ ಕಾಣುತ್ತದೆ.

ಪೆಟ್ಟಿಗೆಯ ಮೇಲಿನ ಅಕ್ಷರಗಳಿಗೂ ಅರ್ಥ ತಿಳಿದಿರಲಿ. ಎಚ್.ಡಿ. ರೆಡಿ ಎಂದರೆ ಸಾಮಾನ್ಯವಾಗಿ 1366 ಅಡ್ಡ, 768 ಉದ್ದದ ಚುಕ್ಕಿಗಳು, ಫುಲ್ ಎಚ್.ಡಿ. ಎಂದರೆ 1920 ಮತ್ತು 1080. 32 ಅಂಗುಲಕ್ಕೆ ಮೊದಲನೆಯದು ನಡೆಯುತ್ತದೆ. 43 ಕೊಳ್ಳುವವರು ಫುಲ್ ಎಚ್.ಡಿ.ಗಿಂತ ಕಡಿಮೆಯದಕ್ಕೆ ಒಪ್ಪಬೇಡಿ. ಕೆಲವು ಅಗ್ಗದ ಪೆಟ್ಟಿಗೆಗಳ ಮೇಲೆ "4ಕೆ ಬೆಂಬಲವಿದೆ" ಎಂದು ದಪ್ಪಕ್ಷರದಲ್ಲಿರುತ್ತದೆ. ಪರದೆ ಮಾತ್ರ ಎಚ್.ಡಿ. ರೆಡಿಯದೇ. ಸ್ಮಾರ್ಟ್ ಟಿ.ವಿ. ಎಂಬುದಕ್ಕೆ ಇಂಟರ್‌ನೆಟ್ ಬೇಕು. ಒಂದು ಗಂಟೆ ಒಳ್ಳೆಯ ಚಿತ್ರ ನೋಡಿದರೆ ಒಂದು ಜಿ.ಬಿ.ಗೂ ಮಿಕ್ಕಿ ಖರ್ಚಾಗುತ್ತದೆ. ಮೊಬೈಲಿನ ದಿನದ ಡೇಟಾ ಅಲ್ಲಿಗೆ ಮುಗಿಯಿತು. ಇಂಟರ್‌ನೆಟ್ ಇಲ್ಲದ ಮನೆಯವರು ಸಾದಾ ಟಿ.ವಿ. ಕೊಳ್ಳಲು ನಾಚಬೇಕಾಗಿಲ್ಲ. ಎಚ್.ಡಿ.ಎಂ.ಐ. ಕಿಂಡಿ ಎರಡಿದ್ದರೆ, ಬೇಕೆನಿಸಿದಾಗ ಒಂದು ಚಿಕ್ಕ ಕಡ್ಡಿ ಸಿಕ್ಕಿಸಿ ಅದನ್ನೇ ಸ್ಮಾರ್ಟ್ ಮಾಡಿಕೊಳ್ಳಬಹುದು.

ಅಂಗಡಿಯಲ್ಲಿ ನೆಟ್ಟಗೆ ಎದುರಿಗೆ ನಿಂತು ನೋಡಿ ಬರಬೇಡಿ. ನಮ್ಮ ಮನೆಗಳಲ್ಲಿ ಒಬ್ಬರು ಮಂಚದ ಮೇಲೆ, ಇಬ್ಬರು ನೆಲದ ಮೇಲೆ, ಒಬ್ಬರು ಒಲೆಯ ಹತ್ತಿರದಿಂದ ನೋಡುವವರು. ಕೆಲವು ಪರದೆಗಳು ಪಕ್ಕದಿಂದಲೂ ಕೆಳಗಿನಿಂದಲೂ ಮಸುಕಾಗುತ್ತವೆ. ಸಂಕೋಚ ಬಿಟ್ಟು ಕುಕ್ಕರುಗಾಲಲ್ಲಿ ಕೂತು ನೋಡಿ, ಪಕ್ಕಕ್ಕೆ ಸರಿದು ನೋಡಿ. ಧ್ವನಿ ಏರಿಸಿ ಕೇಳಿ. ಹಣ ಕೊಡುವವರು ನೀವು.

ಟಿ.ವಿ.ಯ ಬೆಲೆ ಅಂಗಡಿಯಲ್ಲಿ ಮುಗಿಯುವುದಿಲ್ಲ. 50 ವ್ಯಾಟಿನ ಟಿ.ವಿ. ದಿನಕ್ಕೆ ಐದು ಗಂಟೆ ಓಡಿದರೆ ಎರಡು ತಿಂಗಳಿಗೆ 15 ಯೂನಿಟ್ ಆಗುತ್ತದೆ. ತಮಿಳುನಾಡಿನಲ್ಲಿ 2016ರಿಂದ ಮನೆಗಳಿಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತ. ಆದರೆ ಒಂದೇ ಮೀಟರಿನ ಕೆಳಗೆ ಹಲವು ಮನೆಗಳಿದ್ದು, ಯೂನಿಟ್ಟಿಗೆ ಇಷ್ಟೆಂದು ಮಾಲೀಕರಿಗೆ ಕೊಡುವ ಬಾಡಿಗೆಯವರಿಗೆ ಆ ಲಾಭ ಕೈಗೆ ಹತ್ತುವುದಿಲ್ಲ. ಆದುದರಿಂದ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುವುದನ್ನು ಓದಿಯೇ ಆರಿಸಿ.

ಕೇಬಲ್ಲಿನ ಮಾತು ಇನ್ನೂ ಮುಖ್ಯ, ಏಕೆಂದರೆ ಗಡಿಯಲ್ಲಿರುವ ನಮಗೆ ಅದು ಭಾಷೆಯ ಮಾತೂ ಹೌದು. ನಮ್ಮ ಮಕ್ಕಳು ಬೀದಿಯಲ್ಲಿ ತಮಿಳು, ತೆಲುಗು ಕಲಿಯುತ್ತಾರೆ, ಅದು ಒಳ್ಳೆಯದೇ. ಆದರೆ ಕನ್ನಡ ಕಿವಿಗೆ ಬೀಳುವ ಜಾಗ ಮನೆಯೊಂದೇ. 2019ರ ಫೆಬ್ರುವರಿಯಿಂದ ಹಣ ಕೊಟ್ಟು ನೋಡುವ ಚಾನೆಲ್ಲುಗಳನ್ನು ಗ್ರಾಹಕರೇ ಬಿಡಿಬಿಡಿಯಾಗಿ ಆರಿಸುವ ನಿಯಮ ಬಂದಿದೆ. ನೋಡದ ಚಾನೆಲ್ಲುಗಳ ಕಟ್ಟಿಗೆ ಹಣ ಕೊಡುವ ಬದಲು ಬೇಕಾದ ಕನ್ನಡದ ಒಂದೆರಡನ್ನು ಹೆಸರಿಟ್ಟು ಕೇಳಿ. ತಿಂಗಳ ಬಾಡಿಗೆಯೇ ಬೇಡವೆನ್ನುವವರಿಗೆ ದೂರದರ್ಶನದ ಫ್ರೀ ಡಿಶ್ ಇದೆ. ತಟ್ಟೆಗೂ ಪೆಟ್ಟಿಗೆಗೂ ಒಂದು ಸಲ ಖರ್ಚು, ಆಮೇಲೆ ಏನೂ ಇಲ್ಲ. ಅದರಲ್ಲಿ ಚಂದನ ಬರುತ್ತದೆ. ದೊಡ್ಡ ಧಾರಾವಾಹಿಗಳ ಹಣದ ಚಾನೆಲ್ಲುಗಳು ಬರುವುದಿಲ್ಲ ಎಂಬುದನ್ನೂ ತಿಳಿದಿರಿ. ಆಮೇಲೆ ಮನೆಯಲ್ಲಿ ಜಗಳ ಬೇಡ.

ಅತ್ತಿಬೆಲೆ ದಾಟಿ ಬೆಂಗಳೂರಿನಲ್ಲಿ ಕೊಂಡರೆ ಅಗ್ಗವೆಂದು ಕೆಲವರು ಈಗಲೂ ಹೇಳುತ್ತಾರೆ. ರಾಜ್ಯಕ್ಕೊಂದು ತೆರಿಗೆ ಇದ್ದ ಕಾಲದ ಮಾತು ಅದು. 2017ರ ಜುಲೈ 1ರಿಂದ ಗಡಿಯ ಎರಡು ಕಡೆಯೂ ತೆರಿಗೆ ಒಂದೇ. ಬೆಲೆಯಲ್ಲಿ ಐನೂರು ಉಳಿದರೂ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ರಿಪೇರಿಗೆ ಮತ್ತೆ ಅಲ್ಲಿಗೇ ಓಡುವ ಪಾಡು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊಸೂರಿಗೆ ಬಂದು ರಿಪೇರಿ ಮಾಡುವವರು ಇದ್ದಾರೆಯೇ ಎಂದು ಮೊದಲೇ ಕೇಳಿ. ಪೆಟ್ಟಿಗೆಯನ್ನು ನಿಮ್ಮ ಎದುರಿಗೇ ಬಿಚ್ಚಿಸಿ, ಹಾಕಿ ತೋರಿಸಲು ಹೇಳಿ. ಒಡೆದ ಪರದೆಗೆ ಗ್ಯಾರಂಟಿ ಇಲ್ಲ. ಬೈಕಿನ ಮೇಲೆ ಅಡ್ಡಲಾಗಿ ಮಲಗಿಸಿ ತರಬೇಡಿ, ನಿಲ್ಲಿಸಿಯೇ ತನ್ನಿ. ಟಿ.ವಿ.ಯ ನಂಬರು ಬರೆದಿರುವ ಬಿಲ್ಲನ್ನು ರೇಷನ್ ಕಾರ್ಡಿನ ಜೊತೆ ಇಡಿ. ಬಿಲ್ ಇದ್ದವರ ದೂರನ್ನು ತಳ್ಳಿಹಾಕುವುದು ಸುಲಭವಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ.

ಕಡೆಯದಾಗಿ ಒಂದು ಮಾತು. ಈ ವರ್ಷ ಹಣ ಸಾಲದಿದ್ದರೆ ಏನು ಮಾಡಬೇಕು? ಹಳೆಯದೇ ಇನ್ನೊಂದು ವರ್ಷ ಓಡಲಿ. ಕಂತಿಗೆ ಕಟ್ಟಬೇಕೆಂದಿದ್ದ ಸಾವಿರವನ್ನು ತಿಂಗಳು ತಿಂಗಳೂ ಅಂಚೆ ಕಚೇರಿಯ ಖಾತೆಗೆ ಹಾಕಿ. ಒಂದು ವರ್ಷಕ್ಕೆ ಹನ್ನೆರಡು ಸಾವಿರ ಮತ್ತು ಅದರ ಬಡ್ಡಿ. ಇದು ನಾವು ಕೊಡುವ ಬಡ್ಡಿಯಲ್ಲ, ನಮಗೆ ಬರುವ ಬಡ್ಡಿ. ನಡುವೆ ಒಂದು ತಿಂಗಳು ಕೆಲಸವಿಲ್ಲದಿದ್ದರೆ ಹಾಕದೆ ಬಿಡಬಹುದು; ಯಾರೂ ಬಾಗಿಲು ತಟ್ಟುವುದಿಲ್ಲ.

ನೆರೆಮನೆಯವರ ಟಿ.ವಿ. ನಮ್ಮದಕ್ಕಿಂತ ಹನ್ನೊಂದು ಅಂಗುಲ ದೊಡ್ಡದಿದ್ದರೆ ಇರಲಿ. ಅವರ ಮನೆಯ ಲೆಕ್ಕ ಅವರಿಗೆ. ಎಲ್ಲ ಹಣವೂ ತೀರಿಸಿದ ಚಿಕ್ಕ ಪರದೆಯ ಮುಂದೆ, ಜೂನ್ ತಿಂಗಳ ಭಯವಿಲ್ಲದೆ, ಮಕ್ಕಳ ಜೊತೆ ಕೂರುವುದು ನಮ್ಮ ಎಣಿಕೆಯಲ್ಲಿ ಹೆಚ್ಚಿನದು. ಈ ಬೋನಸ್ಸಿಗೆ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಗಂಡ ಹೆಂಡತಿ ಇಬ್ಬರೂ ಕೂತು ಒಂದು ಚೀಟಿಯಲ್ಲಿ ಹಣ ಎಷ್ಟೆಂದು ಬರೆದುಕೊಳ್ಳಿ. ಆ ಚೀಟಿಯನ್ನೂ ಗಂಟು ಹಾಕಿದ ದಾರವನ್ನೂ ಮರೆಯದೆ ಕೊಂಡುಹೋಗಿ.