ಓಟಿಪಿ ಬರಲಿಲ್ಲ ಅಂದ್ರ ತಪ್ಪು ಯಾರದು?

ಸೈನ್ಯದ ಕಾಗದಪತ್ರವೆಲ್ಲ ಮೊಬೈಲಿಗೆ ಬಂತು ಅನ್ನುವ ಸುದ್ದಿ ಓದಿದಾಗ ನಮ್ಮಂಥ ಐಟಿ ಮಂದಿಗೆ ಒಂಥರಾ ಖುಷಿ ಆಗ್ತದ. ಫೈಲು ಹೋಯ್ತು, ಆ್ಯಪ್ ಬಂತು, ದೇಶ ಮುಂದೆ ಹೋಯ್ತು. ವಾಟ್ಸಾಪ್ ಗ್ರೂಪಿನಲ್ಲಿ ಒಂದು ಧ್ವಜ, ಎರಡು ಚಪ್ಪಾಳೆ ಹಾಕಿ ನಾವು ನಮ್ಮ ಬೆಳಗಿನ ಮೀಟಿಂಗಿಗೆ ಹೋಗ್ತೀವಿ. ನನ್ನದು ಒಂದೇ ಪ್ರಶ್ನೆ. ಆ ಫೈಲಿನ ಹಿಂದೆ ಒಬ್ಬ ಗುಮಾಸ್ತ ಮಾಡುತ್ತಿದ್ದ ಕೆಲಸ ಇತ್ತಲ್ಲ, ಅದು ಎಲ್ಲಿ ಹೋಯ್ತು?

ಸಾಫ್ಟ್‌ವೇರ್ ಬರೆಯುವವರಿಗೆ ಇದರ ಉತ್ತರ ಗೊತ್ತಿರಬೇಕು. ಕೆಲಸ ಮಾಯ ಆಗುವುದು ಕಡಿಮೆ, ಜಾಗ ಬದಲಾಯಿಸುವುದೇ ಹೆಚ್ಚು. ಕೌಂಟರಿನ ಆ ಕಡೆ ಕೂತವನ ಮೇಜಿನಿಂದ ಎದ್ದು, ಈ ಕಡೆ ನಿಂತವನ ಜೇಬಿಗೆ ಬಂದು ಬೀಳ್ತದ. ಸೈನ್ಯದ ವಿಷಯದಲ್ಲಿ ಈ ಕಡೆ ನಿಂತವರು ಯಾರು ಅಂದ್ರ, ನಮ್ಮ ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳ ಜವಾನರು, ಅವರ ಹೆಂಡಂದಿರು, ನಿವೃತ್ತ ಹವಾಲ್ದಾರರು, ವಿಧವೆಯರು. ಈ ಭಾರ ಅವರ ಮೇಲೆ ಬಿದ್ದದ್ದನ್ನು ಪ್ರಗತಿ ಅಂತ ಕರೆಯುವುದು ನನಗೆ ಒಪ್ಪಿಗೆ ಇಲ್ಲ.

ಮೊದಲು ನ್ಯಾಯವಾಗಿ ಒಂದು ಮಾತು. ಹಳೆಯ ಕಾಗದದ ಕಾಲವೇನೂ ಸ್ವರ್ಗ ಆಗಿರಲಿಲ್ಲ. ಪಿಂಚಣಿ ಆದೇಶ ಹೊರಡುತ್ತಿದ್ದದ್ದು ಅಲಹಾಬಾದಿನಿಂದ, ಅಂದ್ರ ಈಗಿನ ಪ್ರಯಾಗರಾಜದಿಂದ. ನಮ್ಮ ಕಡೆಯ ಮಾಜಿ ಸೈನಿಕರ ಮನೆಗಳಲ್ಲಿ ಕಾಶಿಗಿಂತ ಹೆಚ್ಚು ಸಲ ಕೇಳಿದ ಊರಿನ ಹೆಸರು ಅದು. ದಾಖಲೆ ಕಚೇರಿಯಿಂದ ಅಲಹಾಬಾದಿಗೆ, ಅಲ್ಲಿಂದ ಬ್ಯಾಂಕಿಗೆ, ಬ್ಯಾಂಕಿನ ಲೆಕ್ಕ ತಪ್ಪಿದರೆ ಮತ್ತೆ ಉಲ್ಟಾ ಪ್ರಯಾಣ. ಯಾರ ಮೇಜಿನ ಮೇಲೆ ಏನು ಬಿದ್ದದ ಅಂತ ತಿಳಿಯದೆ ವರ್ಷಗಟ್ಟಲೆ ಕಾದವರಿದ್ದಾರೆ. ಈಗಿನ 'ಸ್ಪರ್ಶ್' ವ್ಯವಸ್ಥೆಯಲ್ಲಿ ಪಿಂಚಣಿಯ ಲೆಕ್ಕವೂ ಪಾವತಿಯೂ ಒಂದೇ ಕಡೆ, ಹಣ ನೇರವಾಗಿ ಖಾತೆಗೆ. 30 ಲಕ್ಷಕ್ಕೂ ಹೆಚ್ಚು ರಕ್ಷಣಾ ಪಿಂಚಣಿದಾರರನ್ನು ಒಂದೇ ವೇದಿಕೆಗೆ ತರುವುದು ಸಣ್ಣ ಕೆಲಸ ಅಲ್ಲ. ಅದೇ ರೀತಿ ಸೇವೆಯಲ್ಲಿರುವ ಜವಾನ 'ಹಮ್ರಾಜ್' ಆ್ಯಪಿನಲ್ಲಿ ತನ್ನ ಸಂಬಳದ ಚೀಟಿ, ಫಾರ್ಮ್ 16, ವರ್ಗಾವಣೆ, ಬಡ್ತಿಯ ಮಾಹಿತಿ ತಾನೇ ನೋಡಬಹುದು. ಯೂನಿಟ್ಟಿನ ಕ್ಲರ್ಕಿಗೆ ಸಲಾಮು ಹೊಡೆದು ಕಾಯಬೇಕಿಲ್ಲ. ಇವೆಲ್ಲ ಒಳ್ಳೆಯವೇ.

ಜಗಳ ಇರುವುದು ತಂತ್ರಜ್ಞಾನದ ಜೊತೆಗೆ ಅಲ್ರಿ, ಅದು ಕೈಕೊಟ್ಟಾಗ ಯಾರು ಉಪವಾಸ ಇರಬೇಕು ಅನ್ನುವ ನಿರ್ಧಾರದ ಜೊತೆಗೆ.

2022ರ ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಿ. ವಾರ್ಷಿಕ ಗುರುತಿನ ದೃಢೀಕರಣ ಆಗಿಲ್ಲ ಅನ್ನುವ ಕಾರಣಕ್ಕೆ 58,275 ಪಿಂಚಣಿದಾರರ ಖಾತೆಗೆ ತಿಂಗಳ ಕೊನೆಗೆ ದುಡ್ಡು ಬರಲಿಲ್ಲ. ಗದ್ದಲ ಎದ್ದ ಮೇಲೆ ರಕ್ಷಣಾ ಸಚಿವಾಲಯ ಒಂದು ಬಾರಿಯ ವಿನಾಯಿತಿ ಕೊಟ್ಟು ಮೇ 4ರಂದು ಹಣ ಹಾಕಿಸಿತು. ನಾಲ್ಕು ದಿನ ತಡ ಆದ್ರ ಏನಾಯ್ತು ಅಂತ ಕೇಳುವವರಿಗೆ ತಿಂಗಳ ಕೊನೆಯ ದಿನಗಳು ಹೆಂಗಿರ್ತಾವ ಅಂತ ಗೊತ್ತಿಲ್ಲ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಆ ನಾಲ್ಕೇ ದಿನದಲ್ಲಿ ವಿನಾಯಿತಿ ಕೊಡಲು ಸಾಧ್ಯ ಆಯ್ತಲ್ಲ! ಅಂದ್ರ ಹಣ ತಡೆಯುವುದು ಪ್ರಕೃತಿ ನಿಯಮ ಆಗಿರಲಿಲ್ಲ. ಯಾರೋ ಎಲ್ಲೋ ಕೂತು, 'ದೃಢೀಕರಣ ಇಲ್ಲದಿದ್ದರೆ ಪಾವತಿ ನಿಲ್ಲಿಸು' ಅಂತ ಒಂದು ನಿಯಮ ಬರೆದಿದ್ದರು. 'ದೃಢೀಕರಣ ಇಲ್ಲದಿದ್ದರೆ ಪಾವತಿ ಮಾಡು, ಜೊತೆಗೆ ವಿಚಾರಿಸು' ಅಂತಲೂ ಬರೆಯಬಹುದಿತ್ತು. ಎರಡಕ್ಕೂ ಕೋಡ್ ಅಷ್ಟೇ ಸಾಲು.

ನಾನು ನವಲಗುಂದ ತಾಲೂಕಿನ ಹಳ್ಳಿಯವನು. ಊರಿಗೆ ಹೋದ್ರ ನಾನು ಇಂಜಿನಿಯರ್ ಅಲ್ಲ, 'ಫೋನ್ ನೋಡಾಂವ'. ಪ್ಲಾಸ್ಟಿಕ್ ಚೀಲದಾಗ ಕಾಗದ ಹಿಡಕೊಂಡು ಕಟ್ಟಿ ಮ್ಯಾಲೆ ಕೂಡ್ತಾರ. ಅಂಥ ಒಬ್ಬ ಅಜ್ಜಿಯ ಹೆಸರು ಒಂದು ದಾಖಲೆಯಲ್ಲಿ 'ಬಸವ್ವ', ಇನ್ನೊಂದರಲ್ಲಿ 'ಬಸಮ್ಮ', ಇಂಗ್ಲಿಷಿಗೆ ಹೋದ ಮೇಲೆ ಅದಕ್ಕೆ ಮೂರನೆಯ ಅವತಾರ. ಐವತ್ತು ವರ್ಷದ ಹಿಂದೆ ಹೆಸರು ಬರೆದುಕೊಂಡವನು ಉತ್ತರದ ಕಡೆಯವನು, ಅವನ ಕಿವಿಗೆ ಕೇಳಿದ್ದು ಬರೆದ. ನಮ್ಮ ಕಡೆ 'ಅವ್ವ'ನೂ ಅದೇ, 'ಅಮ್ಮ'ನೂ ಅದೇ ಅಂತ ಊರಿನ ಎಮ್ಮೆಗೂ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹಿಂದೆ ಕೌಂಟರಿನಲ್ಲಿ ಕೂತ ಮನುಷ್ಯ ಅಜ್ಜಿಯ ಮುಖ ನೋಡಿ, ಗಂಡನ ಜೊತೆಗಿನ ಹಳೆ ಫೋಟೋ ನೋಡಿ, ಬೈದುಕೊಂಡಾದರೂ ಮುದ್ರೆ ಒತ್ತುತ್ತಿದ್ದ. ಈಗ ತೆರೆಯ ಮೇಲೆ ಕೆಂಪು ಅಕ್ಷರ ಬರ್ತದ. ಅದಕ್ಕೆ ಬೈಯುವುದಕ್ಕೂ ಬರುವುದಿಲ್ಲ, ಕೈ ಮುಗಿಯುವುದಕ್ಕೂ ಬರುವುದಿಲ್ಲ.

ಹೆಸರಿನ ಕಥೆ ಹಿಂಗಾದರೆ ನಂಬರಿನ ಕಥೆ ಇನ್ನೂ ಕೆಟ್ಟದ್ದು. ಮೊಬೈಲ್ ನಂಬರೇ ಮನುಷ್ಯ ಅಂತ ನಮ್ಮ ಧಂದೆ ತೀರ್ಮಾನಿಸಿಬಿಟ್ಟದ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲೋ ಬೆಂಗಳೂರಿನ ಬೆಳ್ಳಂದೂರಿನಲ್ಲೋ ಕೂತವನಿಗೆ ಅದು ನಿಜ ಇರಬಹುದು. ಹತ್ತು ವರ್ಷದಿಂದ ಒಂದೇ ನಂಬರ್, ತಾನೇ ರೀಚಾರ್ಜ್ ಆಗ್ತದ. ಹಳ್ಳಿಯಲ್ಲಿ ಮನೆಗೊಂದು ಫೋನು, ಅದೂ ಮಗನ ಕೈಯಲ್ಲಿ. 90 ದಿನ ಬಳಸದಿದ್ದರೆ ಪ್ರೀಪೇಯ್ಡ್ ಸಿಮ್ ಸಾಯ್ತದ, ಮುಂದೆ ಅದೇ ನಂಬರ್ ಇನ್ಯಾರಿಗೋ ಹೋಗ್ತದ. ಗಂಡ ಹಿಮದ ಪೋಸ್ಟಿನಲ್ಲಿ ಇದ್ದರೆ, ನೋಂದಾಯಿಸಿದ ನಂಬರೂ ಅವನ ಜೊತೆ ಅಲ್ಲೇ ಇರ್ತದ. ಇಲ್ಲಿ ಮಗುವಿನ ಹೆಸರು ಸೇರಿಸಬೇಕು, ಅಲ್ಲಿ ಸಿಗ್ನಲ್ ಇಲ್ಲ. ಓಟಿಪಿ ಎರಡು ನಿಮಿಷಕ್ಕೆ ಮುಗೀತದ, ಅವನ ಡ್ಯೂಟಿ ಮುಗಿಯೂದಿಲ್ಲ. ಇಂಥ ಹೊತ್ತಿನಾಗ ಮನುಷ್ಯ ಯಾರ ಹತ್ರ ಹೋಗಬೇಕು? ಪೇಟೆಯ ಸೈಬರ್ ಅಂಗಡಿಗೆ. ಆಧಾರ್, ಪಾಸ್‌ಬುಕ್, ಪಾಸ್‌ವರ್ಡ್ ಎಲ್ಲ ಒಬ್ಬ ಅಪರಿಚಿತನ ಕೈಗೆ ಕೊಟ್ಟು, ಮೇಲೆ ನೂರು ರೂಪಾಯಿ ಕೊಟ್ಟು ಬರಬೇಕು. ಇದೇನಾ ನಮ್ಮ ಸುರಕ್ಷತೆ?

ಸುರಕ್ಷತೆ ಅಂದ ಕೂಡಲೇ ಕೆಲವರು ಎದ್ದು ನಿಲ್ತಾರ. ಸೈನ್ಯದ ವಿಷಯ ಕಣ್ರಿ, ನಾಲ್ಕು ಬೀಗ ಇರಲೇಬೇಕು ಅಂತಾರ. ಒಪ್ಪಿದೆ. ಫೋನು ಸೈನಿಕನಿಗೆ ಎಷ್ಟು ಅಪಾಯಕಾರಿ ಅಂತ ಜಗತ್ತಿಗೆ ಗೊತ್ತಾಗಿ ಬಹಳ ದಿನ ಆಯ್ತು. 2018ರ ಜನವರಿಯಲ್ಲಿ 'ಸ್ಟ್ರಾವಾ' ಅನ್ನುವ ಓಟದ ಆ್ಯಪ್ ಪ್ರಕಟಿಸಿದ್ದ ನಕಾಶೆಯಲ್ಲಿ ಅಮೆರಿಕದ ಸೈನಿಕರು ವ್ಯಾಯಾಮಕ್ಕೆ ಓಡಿದ ದಾರಿಗಳು ಹೊಳೆದು, ಸಿರಿಯಾ, ಅಫ್ಘಾನಿಸ್ತಾನದ ನೆಲೆಗಳ ಆಕಾರವೇ ಬಯಲಾಯಿತು. ನಮ್ಮ ಭೂಸೇನೆ 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ ಅಂತ ಹೇಳಿದ್ದಕ್ಕೂ ಇಂಥದ್ದೇ ಕಾರಣ. ಆಮೇಲೆ ಸೇನೆ 'ಸಂಭವ್' ಅನ್ನುವ ತನ್ನದೇ ಸುರಕ್ಷಿತ ಮೊಬೈಲ್ ವ್ಯವಸ್ಥೆ ಮಾಡಿಕೊಂಡು, ಸಾವಿರಾರು ಅಧಿಕಾರಿಗಳ ಕೈಗೆ ಆ ಫೋನ್ ಕೊಟ್ಟಿತು. ಶಹಬ್ಬಾಸ್ ಅನ್ನಬೇಕಾದ ಕೆಲಸ.

ಆದರೆ ಇದರಲ್ಲೇ ನನ್ನ ವಾದಕ್ಕೆ ಸಾಕ್ಷಿ ಸಿಗ್ತದ. ಗುಟ್ಟು ಕಾಯಬೇಕಾದಾಗ ಸಂಸ್ಥೆ ಏನು ಮಾಡಿತು? ಫೋನು ತಾನೇ ಕೊಟ್ಟಿತು, ಜಾಲ ತಾನೇ ನೋಡಿಕೊಂಡಿತು, ಕೆಟ್ಟರೆ ಜವಾಬ್ದಾರಿಯೂ ತನ್ನದೇ ಅಂದಿತು. ವಿಧವೆಯ ಪಿಂಚಣಿಯ ಮಾತು ಬಂದಾಗ ಫೋನು ನಿನ್ನದು, ಡೇಟಾ ನಿನ್ನದು, ಓಟಿಪಿ ಬರಲಿಲ್ಲ ಅಂದ್ರ ಹಣೆಬರಹವೂ ನಿನ್ನದು. ಜವಾಬ್ದಾರಿ ಹೊರುವುದು ಹೇಗೆ ಅಂತ ನಮ್ಮ ವ್ಯವಸ್ಥೆಗೆ ಗೊತ್ತು. ಯಾರಿಗಾಗಿ ಹೊರಬೇಕು ಅನ್ನುವುದರಲ್ಲಿ ಅದಕ್ಕೆ ಅಳತೆಗೋಲು ಎರಡು.

ಸೇರುವ ಹುಡುಗರ ಕಡೆಗೂ ನೋಡೋಣ. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ರೂಮು ಹಿಡಿದು, ಬೆಳಗಿನ ಐದಕ್ಕೆ ಎದ್ದು ಓಡುವ ಹುಡುಗರನ್ನು ನೀವೂ ನೋಡಿರ್ತೀರಿ. 2023ಕ್ಕಿಂತ ಮುಂಚೆ ಸೈನ್ಯದ ಭರ್ತಿ ರ‍್ಯಾಲಿಯಲ್ಲಿ ಮೊದಲು 1600 ಮೀಟರ್ ಓಟ, ದೇಹದ ಪರೀಕ್ಷೆ, ಬರವಣಿಗೆ ಕೊನೆಗೆ. ಆ ವರ್ಷದ ಏಪ್ರಿಲ್‌ನಿಂದ ಅಗ್ನಿವೀರರಿಗೆ ಮೊದಲು ಕಂಪ್ಯೂಟರ್ ಪರೀಕ್ಷೆ, ಅದರಲ್ಲಿ ಆಯ್ಕೆ ಆದವರಿಗೆ ಮಾತ್ರ ಮೈದಾನ. ರ‍್ಯಾಲಿಯ ಜನಜಂಗುಳಿ, ಅದರ ವ್ಯವಸ್ಥೆಯ ಹೊರೆ ಕಡಿಮೆ ಆಗಲಿ ಅನ್ನುವುದು ಅಧಿಕೃತ ಕಾರಣ. ಸರಿ, ಸೇನೆಯ ಹೊರೆ ಕಡಿಮೆ ಆಯ್ತು. ಎತ್ತಿನ ಜೊತೆ ಬೆಳೆದ, ಮೌಸ್ ಹಿಡಿಯದ ಹುಡುಗನ ಹೊರೆ? ಮೊದಲ ವರ್ಷಗಳಲ್ಲಿ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಸೇರಿ 13 ಭಾಷೆಗಳಲ್ಲಿ ಪರೀಕ್ಷೆ ಬರೆಯುವ ಅವಕಾಶ ಬಂದದ್ದು 2025ರಲ್ಲಿ. ಬಂತಲ್ಲ, ಸಂತೋಷ. ಆದರೆ ಭಾಷೆ ಸೇರಿಸುವುದು ರಾಕೆಟ್ ವಿಜ್ಞಾನ ಅಲ್ಲ. 2025ರಲ್ಲಿ ಆದದ್ದು 2023ರಲ್ಲಿ ಯಾಕೆ ಆಗಲಿಲ್ಲ? ನಡುವಿನ ಎರಡು ವರ್ಷದಲ್ಲಿ ವಯಸ್ಸು ಮೀರಿದ ಹುಡುಗನಿಗೆ 'ವರ್ಷನ್ ಎರಡು ಬಂದದ' ಅಂತ ಹೇಳಿದ್ರ ಏನು ಉಪಯೋಗ?

ಬೇರೆ ದಾರಿ ಇಲ್ಲವೇ ಅಂತ ಕೇಳಿದರೆ, ಯುದ್ಧದ ನಡುವೆಯೇ ಒಂದು ದೇಶ ಮಾಡಿ ತೋರಿಸ್ಯಾದ. ಉಕ್ರೇನ್ 2024ರ ಆಗಸ್ಟಿನಲ್ಲಿ 'ಆರ್ಮಿ ಪ್ಲಸ್' ಅನ್ನುವ ಆ್ಯಪ್ ತಂದಿತು. ಅಲ್ಲಿ ರಜೆಗೋ ವರ್ಗಾವಣೆಗೋ ಸೈನಿಕ ಕೊಟ್ಟ ಕಾಗದದ ಅರ್ಜಿ ಮೇಲಧಿಕಾರಿಯ ಡ್ರಾಯರಿನಲ್ಲಿ ಕಳೆದುಹೋಗುತ್ತದೆ ಅನ್ನುವುದು ಹಳೆಯ ದೂರು. ಈಗ ಅರ್ಜಿಯನ್ನು ಫೋನಿನಲ್ಲೇ ಸಹಿ ಮಾಡಿ ಕಳಿಸಬಹುದು, ಅದು ಎಲ್ಲಿಗೆ ಬಂತು ಅಂತ ನೋಡಬಹುದು. ಅವರದ್ದು ಎಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಆದರೆ ಆ್ಯಪ್ ಯಾರ ಮೇಲೆ ಕಣ್ಣಿಟ್ಟದ ನೋಡ್ರಿ. ಅಲ್ಲಿ 'ನನ್ನ ಕೈಗೆ ಬಂದೇ ಇಲ್ಲ' ಅಂತ ಅಧಿಕಾರಿ ಹೇಳುವ ಹಾಗಿಲ್ಲ. ನಾವು ಕಟ್ಟುವ ವ್ಯವಸ್ಥೆಗಳಲ್ಲಿ 'ನೀನು ಜೀವಂತ ಇದ್ದೀಯಾ' ಅಂತ ಎಂಬತ್ತು ವರ್ಷದವರು ಸಾಬೀತು ಮಾಡುತ್ತಾ ಇರಬೇಕು.

ಇದು ಸರ್ಕಾರದ ಸಮಸ್ಯೆ, ನಮಗೇನು ಅನ್ನಬೇಡಿ. ಇಂಥ ಆ್ಯಪ್ ಬರೆಯುವುದು ನೀವು, ನಾನು, ನಮ್ಮ ಬ್ಯಾಚಿನವರೇ. ನಮ್ಮ ಮೀಟಿಂಗುಗಳಲ್ಲಿ 'ಎಡ್ಜ್ ಕೇಸ್' ಅನ್ನುವ ಪದ ಅದ. ನೂರಕ್ಕೆ ಎರಡು ಮಂದಿಗೆ ಕೆಲಸ ಮಾಡದಿದ್ದರೆ ಮುಂದಿನ ರಿಲೀಸಿಗೆ ನೋಡೋಣ ಅಂತೀವಿ. ಪಿಜ್ಜಾ ತರಿಸುವ ಆ್ಯಪಿನಲ್ಲಿ ಆ ಇಬ್ಬರು ದಿನಾ ಬದಲಾಗ್ತಾರ, ಇವತ್ತು ನೀವು, ನಾಳೆ ನಾನು. ಸರ್ಕಾರದ ಆ್ಯಪಿನಲ್ಲಿ ಆ ಇಬ್ಬರು ಯಾವಾಗಲೂ ಅವರೇ. ಬೆರಳ ಗೆರೆ ಸವೆದವಳು, ಕಣ್ಣಿನ ಪೊರೆ ತೆಗೆಸಿಕೊಂಡವನು, ಹೆಸರಿಗೆ ಮೂರು ಕಾಗುಣಿತ ಇರುವವಳು. ಶೇಕಡಾ 98 ಯಶಸ್ಸು ಅಂತ ಸ್ಲೈಡ್ ಮಾಡಿದಾಗ ಉಳಿದ ಎರಡರಲ್ಲಿ ಯಾರಿದ್ದಾರೆ ಅಂತ ಕೇಳುವ ಇಂಜಿನಿಯರ್ ಬೇಕಾಗ್ಯಾನ.

2016ರ ಫೆಬ್ರವರಿಯಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿ ಆರು ದಿನ ಇದ್ದು ಜೀವಂತ ಸಿಕ್ಕರು, ಫೆಬ್ರವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಾರ್ಥಿವ ಶರೀರ ಹುಬ್ಬಳ್ಳಿಯ ನೆಹರೂ ಮೈದಾನಕ್ಕೆ ಬಂದಾಗ ಊರಿಗೆ ಊರೇ ಸಾಲು ನಿಂತಿತ್ತು. ಆ ಸಾಲಿನಲ್ಲಿ ನಿಂತವರಿಗೆ ಯಾವ ಓಟಿಪಿಯೂ ಬೇಕಾಗಿರಲಿಲ್ಲ. ಗೌರವ ಕೊಡುವುದು ಈ ಊರಿಗೆ ಚೆನ್ನಾಗಿ ಗೊತ್ತು. ಆ ಗೌರವ ಮೈದಾನದಿಂದ ಕಚೇರಿಯ ಕಿಟಕಿಗೆ, ಕಿಟಕಿಯಿಂದ ಮೊಬೈಲಿನ ತೆರೆಗೆ ಹೋಗುವಷ್ಟರಲ್ಲಿ ಎಲ್ಲಿ ಸೋರಿ ಹೋಗ್ತದ?

ನಾನು ಕೇಳುವುದು ದೊಡ್ಡದೇನಲ್ಲ. ಆ್ಯಪಿನಲ್ಲಿ ಗುರುತು ಸಿಗಲಿಲ್ಲ ಅಂತ ಪಿಂಚಣಿ ನಿಲ್ಲಬಾರದು. ಅನುಮಾನ ಬಂದರೆ ಇಲಾಖೆಯವರು ಮನೆಗೆ ಬಂದು ನೋಡಲಿ, ಅಲ್ಲಿಯವರೆಗೆ ಹಣ ಬರ್ತಾ ಇರಲಿ. ಪ್ರತಿ ಅರ್ಜಿಗೂ ಒಬ್ಬ ಅಧಿಕಾರಿಯ ಹೆಸರು, ಒಂದು ಗಡುವು ಇರಲಿ, ಗಡುವು ಮೀರಿದರೆ ಅವನು ಉತ್ತರ ಕೊಡಲಿ. ಭರ್ತಿ ಪರೀಕ್ಷೆಗೆ ಬಂದ ಕನ್ನಡ ಅಜ್ಜಿಯ ಪಿಂಚಣಿಯ ತೆರೆಗೂ ಬರಲಿ, ತಪ್ಪು ಏನಾಗಿದೆ ಅನ್ನುವ ಸಂದೇಶ ಮೊದಲು ಕನ್ನಡದಲ್ಲಿ ಬರಲಿ. ಮುಖ್ಯವಾಗಿ, ಜಿಲ್ಲೆಗೊಂದು ಕಡೆಯಾದರೂ ಮನುಷ್ಯ ಕೂತ ಕೌಂಟರ್ ಉಳಿಯಲಿ. ಅವನಿಗೆ ಕಂಪ್ಯೂಟರಿನ ಮಾತು ಮೀರಿ ನಿರ್ಧಾರ ಮಾಡುವ ಅಧಿಕಾರ ಇರಲಿ. ಅಧಿಕಾರ ಇಲ್ಲದ ಕೌಂಟರ್ ಅಂದ್ರ ಇನ್ನೊಂದು ಆ್ಯಪ್, ಅಷ್ಟೇ.

ಮುಂದಿನ ಸಲ ನಿಮ್ಮ ಆಫೀಸಿನಲ್ಲಿ 'ಓಟಿಪಿ ಬರದಿದ್ದರೆ ಏನು ಮಾಡೋದು' ಅಂತ ಯಾರಾದರೂ ಕೇಳಿ, ಇನ್ಯಾರೋ 'ಬಳಕೆದಾರರು ಮತ್ತೊಮ್ಮೆ ಪ್ರಯತ್ನಿಸಲಿ' ಅಂತ ಬರೆಸಲು ಹೊರಟರೆ ಕೈ ಎತ್ತಿ. ಎಷ್ಟು ಸಲ ಪ್ರಯತ್ನಿಸಬೇಕು, ಅಲ್ಲಿಯವರೆಗೆ ಊಟಕ್ಕೇನು ಅಂತ ಕೇಳಿ. ಮೀಟಿಂಗು ಹತ್ತು ನಿಮಿಷ ಉದ್ದ ಆದೀತು. ಆಗಲಿ ಬಿಡ್ರಿ.