ನೀರಿಟ್ಟವರು ನಾವು, ಬೆಳೆ ಕಳೆದುಕೊಂಡವರು ಕಾಕಾ

ಹೋದ ವರ್ಷದ ಏಪ್ರಿಲ್. ನಮ್ಮ ಸುಲೇಪೇಟದಲ್ಲಿ ಬೆಳಿಗ್ಗೆ ಹತ್ತಕ್ಕೇ ಹೊರಗೆ ಕಾಲಿಡಲಾಗದಂಥ ಬಿಸಿಲು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ನಾವು ನಾಲ್ವರು ಗೆಳೆಯರು ಒಂದು ವಿಡಿಯೊ ನೋಡಿದೆವು. ಯಾವುದೋ ದೇಶದಲ್ಲಿ ಹಿಮ ಬಿದ್ದ ಬಯಲು, ಹಸಿದ ಜಿಂಕೆಗಳಿಗೆ ಜನ ಒಣಹುಲ್ಲು ಹಾಕುತ್ತಿದ್ದಾರೆ. ‘ಅಲ್ಲಿ ಚಳಿಗಾಲ, ನಮ್ಮಲ್ಲಿ ಬೇಸಿಗೆ. ನಾವೂ ಯಾಕೆ ಮಾಡಬಾರದು?’ ಎಂದ ಒಬ್ಬ ಗೆಳೆಯ.

ತಲಾ ಇನ್ನೂರು ರೂಪಾಯಿ ಹಾಕಿ ಒಂದು ಸಿಮೆಂಟ್ ತೊಟ್ಟಿ ತಂದೆವು. ಊರ ಹೊರಗಿನ ದಿಬ್ಬದ ಹತ್ತಿರ ಇಟ್ಟು, ಕ್ಯಾನ್‌ಗಳಲ್ಲಿ ನೀರು ಒಯ್ದು ತುಂಬಿಸಿದೆವು. ಪಕ್ಕದಲ್ಲೇ ಒಂದಿಷ್ಟು ಜೋಳ, ಕಾಯಿಪಲ್ಲೆ ಮಾರುವವರು ಬಿಟ್ಟುಹೋದ ಕೋಸಿನ ಎಲೆ. ನಾಲ್ಕನೇ ದಿನ ಚಿಗರಿಗಳು ಬಂದವು. ನಾವು ಹಾಕಿದ ರೀಲ್ಸ್‌ಗೆ ಲೈಕ್‌ಗಳ ಮಳೆ. ಜೀವನದಲ್ಲಿ ಮೊದಲ ಬಾರಿ ಏನೋ ಒಳ್ಳೆಯದು ಮಾಡಿದೆವು ಎನಿಸಿತು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಚಿಗರಿ ಬರುವ ಹೊತ್ತು ಬೀದಿನಾಯಿಗಳಿಗೂ ಗೊತ್ತಾಯಿತು. ಒಂದು ಬೆಳಿಗ್ಗೆ ತೊಟ್ಟಿಯ ಹತ್ತಿರ ಮರಿಯೊಂದು ಸತ್ತು ಬಿದ್ದಿತ್ತು. ಜೂನ್‌ನಲ್ಲಿ ಮಳೆಯಾಯಿತು, ಎಲ್ಲೆಡೆ ನೀರು ನಿಂತಿತು. ಆದರೂ ಹಿಂಡು ಆ ಜಾಗ ಬಿಡಲಿಲ್ಲ. ದಿಬ್ಬದ ಪಕ್ಕದ ಹೊಲ ನಮ್ಮ ಓಣಿಯ ಕಾಕಾ ಒಬ್ಬರದು. ಅವರ ಎರಡು ಎಕರೆ ತೊಗರಿ ಎರಡೆಲೆ ಬಿಟ್ಟಿತ್ತು. ಮೂರೇ ರಾತ್ರಿಯಲ್ಲಿ ಸಾಲುಗಳೆಲ್ಲ ಖಾಲಿ. ಕಾಕಾ ಬೈಯಲಿಲ್ಲ. ‘ತಮ್ಮಾ, ನೀವು ಕರದ್ರಿ, ಅವು ಬಂದವು. ಈಗ ಬೀಜದ ರೊಕ್ಕ ಯಾರ್ ಕೊಡ್ತಾರ?’ ಎಂದಷ್ಟೇ ಕೇಳಿದರು.

ಎಳೆ ಪೈರು ತಿನ್ನುವುದು ಚಿಗರಿಗೆ ಹೊಸದೇನಲ್ಲ, ನಾವು ತೊಟ್ಟಿ ಇಡದಿದ್ದರೂ ಬರುತ್ತಿದ್ದವೇನೋ. ಆದರೆ ಅವುಗಳಿಗೆ ಆ ದಾರಿ ರೂಢಿ ಮಾಡಿಸಿದ್ದು ನಾವೇ ಎಂಬ ಅಳುಕು ಹೋಗಲಿಲ್ಲ. ಅದಕ್ಕೇ ಈ ವಿಷಯ ಓದಲು ಶುರು ಮಾಡಿದೆ.

ಮೊದಲು ಆ ಹಿಮದ ನಾಡಿನ ಕಥೆ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಚಳಿಗಾಲಕ್ಕೆ ಬೆಟ್ಟದಿಂದ ಜಾಕ್ಸನ್ ಹೋಲ್ ಕಣಿವೆಗೆ ಇಳಿಯುತ್ತಿದ್ದವು. ಆ ಕಣಿವೆಯಲ್ಲಿ ಊರು ಬೆಳೆಯಿತು, ದನದ ಹುಲ್ಲುಗಾವಲುಗಳು ಎದ್ದವು. ಹಿಮ ಹೆಚ್ಚಾದ ವರ್ಷಗಳಲ್ಲಿ ಎಲ್ಕ್‌ಗಳು ಹಸಿವಿನಿಂದ ಸತ್ತವು. 1912ರಲ್ಲಿ ಅವುಗಳಿಗಾಗಿಯೇ ಒಂದು ಆಶ್ರಯತಾಣ ಮಾಡಿ ಮೇವು ಹಾಕತೊಡಗಿದರು. ನೂರು ವರ್ಷ ದಾಟಿದರೂ ಆ ರೂಢಿಯಿಂದ ಪೂರ್ತಿ ಹೊರಬರಲು ಆಗಿಲ್ಲ. ಒಂದೇ ಕಡೆ ಸಾವಿರಾರು ಪ್ರಾಣಿ ಸೇರುವುದರಿಂದ ಬ್ರುಸೆಲ್ಲೋಸಿಸ್, ಅಂದರೆ ಗಬ್ಬದ ದನ ಕಂದು ಹಾಕುವ ರೋಗ, ಅವುಗಳಲ್ಲಿ ಬೇರೂರಿತು. ಮೊದಲು ಮೇಯುವ ಜಾಗ ಕಿತ್ತುಕೊಂಡರು, ಆಮೇಲೆ ಮೇವು ಕೊಟ್ಟರು. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ನಮ್ಮೂರಿಗೂ ಅನ್ವಯಿಸುತ್ತದೆ.

ಎರಡನೆಯದು ಹೊಟ್ಟೆಯ ವಿಚಾರ. ಚಿಗರಿ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯಲ್ಲಿ ಹುಲ್ಲಿನ ನಾರು ಕರಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ತಿನ್ನುವುದು ಬದಲಾದರೆ ಅವು ಹೊಂದಿಕೊಳ್ಳಲು ವಾರಗಳೇ ಬೇಕು. ಬರೀ ಒಣಹುಲ್ಲು ತಿಂದ ಹೊಟ್ಟೆಗೆ ಒಮ್ಮೆಲೇ ಜೋಳ, ಅಕ್ಕಿ ಬಿದ್ದರೆ ಒಳಗೆ ಹುಳಿಯೇರಿ ಪ್ರಾಣಿ ಸಾಯಲೂಬಹುದು. ಇದನ್ನು ಕಾಕಾಗೆ ಹೇಳಿದರೆ ನಕ್ಕರು. ರಾಶಿಗೆ ಬಾಯಿ ಹಾಕಿದ ಎತ್ತು ಏನಾಗುತ್ತದೆಂದು ಯಾವ ರೈತನಿಗೆ ಗೊತ್ತಿಲ್ಲ? ಗೊತ್ತಿಲ್ಲದವರು ಪದವಿ ಓದಿದ ನಾವು.

ಮೂರನೆಯದು ರೋಗ. ಬೆಳಗಾವಿ ಹತ್ತಿರದ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ 2025ರ ನವೆಂಬರ್‌ನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 30 ಕೃಷ್ಣಮೃಗಗಳು ಗಳಲೆ ರೋಗಕ್ಕೆ ಬಲಿಯಾದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅದು ಮೃಗಾಲಯ, ನಿಜ. ಆದರೆ ಒತ್ತೊತ್ತಾಗಿ ಸೇರಿದ ಹಿಂಡಿನಲ್ಲಿ ರೋಗ ಎಷ್ಟು ಬೇಗ ಹಬ್ಬುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ದನಕರುಗಳೂ ಚಿಗರಿಗಳೂ ಒಂದೇ ತೊಟ್ಟಿಯ ನೀರು ಕುಡಿದರೆ ಕಾಲುಬಾಯಿ ಜ್ವರ ಆ ಕಡೆಯಿಂದ ಈ ಕಡೆಗೂ ಈ ಕಡೆಯಿಂದ ಆ ಕಡೆಗೂ ದಾಟಬಹುದು.

ಹಾಗಾದರೆ ಚಿಗರಿ ಹಸಿದಿದ್ದು ಯಾಕೆ? ಕೃಷ್ಣಮೃಗ ದಟ್ಟ ಕಾಡಿನ ಪ್ರಾಣಿಯಲ್ಲ, ಬಯಲಿನದು. ಅದಕ್ಕೆ ಬೇಕಾದದ್ದು ಹುಲ್ಲು ಮತ್ತು ಓಡಲು ತೆರೆದ ನೆಲ. ನಮ್ಮ ಊರುಗಳ ಗಾಯರಾಣ ಭೂಮಿ ಒತ್ತುವರಿಯಾಯಿತು, ಉಳಿದಲ್ಲಿ ಬಳ್ಳಾರಿ ಜಾಲಿ ತುಂಬಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ನೆಲದಡಿ ಸುಣ್ಣದಕಲ್ಲು ಇರುವುದರಿಂದ ಸಿಮೆಂಟ್ ಕಾರ್ಖಾನೆ, ಕಲ್ಲುಗಣಿ ಬಂದವು. ಅವು ಕೆಲಸ ಕೊಟ್ಟಿವೆ, ಇಲ್ಲವೆನ್ನುವುದಿಲ್ಲ. ಆದರೆ ಬಯಲು ಕಡಿಮೆಯಾಯಿತು. ರಕ್ಷಣೆ ಎಂದರೆ ಗಿಡ ನೆಡುವುದು ಎಂಬ ತಪ್ಪು ತಿಳಿವಳಿಕೆಯೂ ಇದೆ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮದಲ್ಲೇ ದೊಡ್ಡ ಭಾಗ ನೀಲಗಿರಿ ತೋಪು. ನೀಲಗಿರಿ ಎಲೆಯನ್ನು ಚಿಗರಿ ತಿನ್ನುವುದಿಲ್ಲ.

ನಮ್ಮ ತಾಲ್ಲೂಕಿನಲ್ಲೇ ಸುಮಾರು 134 ಚದರ ಕಿ.ಮೀ. ವಿಸ್ತಾರದ ಚಿಂಚೋಳಿ ವನ್ಯಜೀವಿಧಾಮವಿದೆ. ಅಲ್ಲಿ ತೋಳ, ಕತ್ತೆಕಿರುಬಗಳ ಜೊತೆ ಕೃಷ್ಣಮೃಗವೂ ಇದೆ. ಆದರೆ ಚಿಗರಿಗೆ ಗಡಿಕಲ್ಲು ಓದಲು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಇರುವ ಈ ಪ್ರಾಣಿಯನ್ನು ಕೊಲ್ಲುವಂತಿಲ್ಲ. ಕೊಲ್ಲಲೂಬಾರದು. ಆದರೆ ಅದರ ಊಟದ ಖರ್ಚನ್ನೆಲ್ಲ ಎರಡು ಎಕರೆಯ ರೈತನೊಬ್ಬನೇ ಹೊರುವುದು ಯಾವ ನ್ಯಾಯ?

ಗದಗ, ಕೊಪ್ಪಳ ಭಾಗದ ರೈತರು ‘ಜಿಂಕೆ ವನ ಮಾಡಿ’ ಎಂದು ಕೇಳುತ್ತಲೇ ಬಂದಿದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಬೇಲಿಯೊಳಗೆ ಸಾಕಷ್ಟು ಹುಲ್ಲಿಲ್ಲದಿದ್ದರೆ ಅದು ಇನ್ನೊಂದು ಕಷ್ಟ. ನೆದರ್ಲೆಂಡ್ಸ್‌ನಲ್ಲಿ ಬೇಲಿ ಹಾಕಿದ ಪ್ರದೇಶವೊಂದರಲ್ಲಿ 2017-18ರ ಚಳಿಗಾಲದಲ್ಲಿ ಜಿಂಕೆ, ಕುದುರೆ, ದನ ಸೇರಿ 3,000ಕ್ಕೂ ಹೆಚ್ಚು ಪ್ರಾಣಿಗಳು ಹೋದವು. ಹಸಿವಿನಿಂದ ನರಳಬಾರದೆಂದು ಬಹುಪಾಲನ್ನು ಸಿಬ್ಬಂದಿಯೇ ಗುಂಡಿಟ್ಟು ಕೊಂದರು. ಬೇಲಿ ಹಾಕಿದವರು ಆ ಪ್ರಾಣಿಗಳ ಹೊಟ್ಟೆಯ ಜವಾಬ್ದಾರಿಯನ್ನೂ ಹೊರಬೇಕಾಗುತ್ತದೆ.

ಹಾಗಂತ ಬಾಯಾರಿ ಸಾಯಲಿ ಎಂದು ಬಿಡಬೇಕೆ? ಬೇಡ. ನೀರು ಬೇರೆ, ಮೇವು ಬೇರೆ. ಬಂಡೀಪುರದಲ್ಲಿ ಅರಣ್ಯ ಇಲಾಖೆ ಸೌರ ಪಂಪ್‌ಗಳಿಂದ ಕೆರೆ ತುಂಬಿಸುತ್ತದೆ. ನಮ್ಮಲ್ಲೂ ನೀರಿಡಬಹುದು. ಆದರೆ ಇಲಾಖೆಗೆ ತಿಳಿಸಿ, ಹೊಲ ಮತ್ತು ರಸ್ತೆಯಿಂದ ದೂರ, ಒಂದೇ ಕಡೆ ಅಲ್ಲದೆ ಹಲವು ಕಡೆ. ಆಳ ಕಡಿಮೆ ಇರಲಿ, ಮರಿ ಬಿದ್ದರೂ ಎದ್ದು ಬರುವಂತೆ ಒಂದು ಬದಿ ಇಳಿಜಾರಾಗಿರಲಿ. ಕಾಳು, ಬ್ರೆಡ್ಡು, ಬಿಸ್ಕತ್ತು ಮಾತ್ರ ಬೇಡವೇ ಬೇಡ. ಮೇವು ಕೊಡಬೇಕೆಂದರೆ ಗಾಯರಾಣದ ಜಾಲಿ ಕಿತ್ತು ನಾಡಹುಲ್ಲು ಬೆಳೆಯಲು ಬಿಡುವುದೇ ನಿಜವಾದ ಮೇವು. ಗ್ರಾಮಸಭೆಯಲ್ಲಿ ಈ ಮಾತೆತ್ತಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನೊಂದು ಕೆಲಸವಿದೆ, ಅದಕ್ಕೆ ರೊಕ್ಕವೂ ಬೇಡ. ಕಾಡುಪ್ರಾಣಿಗಳಿಂದಾದ ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರವಿದೆ. ಕಾಕಾಗೆ ಅದು ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಅವರು ಹೊಲ ಹರಗಿ ಮತ್ತೆ ಬಿತ್ತಿಬಿಟ್ಟಿದ್ದರು, ತೋರಿಸಲು ಏನೂ ಉಳಿದಿರಲಿಲ್ಲ. ಹಾನಿಯಾದ ದಿನವೇ ಫೋಟೊ ತೆಗೆದು, ಪಹಣಿ ಜೋಡಿಸಿ, ಅರ್ಜಿ ಹಾಕಲು ಒಬ್ಬ ಓದಿದ ಹುಡುಗ ಅಥವಾ ಹುಡುಗಿ ಪಕ್ಕದಲ್ಲಿದ್ದರೆ ಸಾಕಿತ್ತು. ನಾವು ನಾಲ್ವರೂ ಆಗ ರೀಲ್ಸ್‌ನ ಲೈಕ್ ಎಣಿಸುತ್ತಿದ್ದೆವು.

ಈ ಬೇಸಿಗೆಯಲ್ಲಿ ತೊಟ್ಟಿ ದಿಬ್ಬದ ಆಚೆ ಬದಿಗೆ ಹೋಗಿದೆ. ಜಾಗ ತೋರಿಸಿದ್ದು ಕಾಕಾ. ಎರಡು ದಿನಕ್ಕೊಮ್ಮೆ ತೊಳೆದು ನೀರು ತುಂಬುತ್ತೇವೆ, ಕಾಳು ಹಾಕುವುದಿಲ್ಲ, ವಿಡಿಯೊ ಮಾಡುವುದಿಲ್ಲ. ಬಿತ್ತನೆ ಶುರುವಾದ ಮೇಲೆ ದಿನಾ ಬೆಳಿಗ್ಗೆ ಓದಲು ಹೋಗುವ ಮುಂಚೆ ಅವರ ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕಿ ಬರುವುದೆಂದು ಮಾತಾಡಿಕೊಂಡಿದ್ದೇವೆ.